ಸಿಡಿಪಿಒ ಮೇಜಿನ ಮೇಲೆ ನಿಂತ ಕಾಯ್ದೆ: ಕೌಟುಂಬಿಕ ದೌರ್ಜನ್ಯ ಸೇವೆಗಳ ವಿಮರ್ಶೆ, ಮತ ಕೇಳಲು ಬರುವವರಿಗೆ ಕೆಲವು ಪ್ರಶ್ನೆ

ಗೃಹಲಕ್ಷ್ಮಿ ಹಣ ಯಾಕೆ ಜಮೆಯಾಗಿಲ್ಲ ಎಂದು ವಿಚಾರಿಸಲು ಹೆಂಗಸರು ಹೋಗುವ ತಾಲೂಕಿನ ಕಚೇರಿಯೇ, ಗಂಡನ ಹೊಡೆತದಿಂದ ರಕ್ಷಣೆ ಕೇಳಲು ಹೋಗಬೇಕಾದ ಕಚೇರಿಯೂ ಹೌದು. ಅಂಗನವಾಡಿಗಳ ಮೇಲುಸ್ತುವಾರಿ ನೋಡುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಅಂದರೆ ಸಿಡಿಪಿಒ, ಕರ್ನಾಟಕದಲ್ಲಿ ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರ ಸಂರಕ್ಷಣಾಧಿಕಾರಿಯೂ ಆಗಿರುತ್ತಾರೆ. ಆ ಕಚೇರಿಗೆ ಹತ್ತು ಸಲ ಹೋಗಿ ಬಂದವರಿಗೂ ಈ ಎರಡನೇ ಜವಾಬ್ದಾರಿಯ ವಿಷಯ ಗೊತ್ತಿರುವುದು ಅಪರೂಪ.

ಹೋಟೆಲಿನ ದೋಸೆಗೆ, ಹೊಸ ಮೊಬೈಲಿಗೆ ವಿಮರ್ಶೆ ಬರೆಯುತ್ತೇವೆ. ನಮ್ಮ ತೆರಿಗೆ ಹಣದಲ್ಲಿ ನಡೆಯುವ ಈ ಸೇವೆಗೆ ಯಾರೂ ಬರೆಯುವುದಿಲ್ಲ. ಬಳಸಬೇಕಾದವರ ಸಂಖ್ಯೆಯೇನೂ ಕಡಿಮೆಯಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿ ಕರ್ನಾಟಕದ 18ರಿಂದ 49 ವಯಸ್ಸಿನ ವಿವಾಹಿತೆಯರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ನಾಲ್ಕನೇ ಸುತ್ತಿನಲ್ಲಿ, 2015-16ರಲ್ಲಿ, ಇದು ಶೇ 20.6 ಇತ್ತು. ಇಡೀ ದೇಶದ ಸರಾಸರಿ ಶೇ 29.3. ಲಾಕ್‌ಡೌನಿನಲ್ಲಿ ಹಾಗಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕರ್ನಾಟಕದಲ್ಲಿ ಆ ಸಮೀಕ್ಷೆ ನಡೆದದ್ದು 2019ರಲ್ಲಿ, ಕೋವಿಡ್ ಬರುವ ಮುಂಚೆ. ದೇಶದ ಮಟ್ಟದಲ್ಲಿ ಹಿಂಸೆ ಅನುಭವಿಸಿದವರಲ್ಲಿ ಯಾರ ಬಳಿಯಾದರೂ ಸಹಾಯ ಕೇಳಿದವರು ಶೇ 14 ಮಾತ್ರ. ಅವರಲ್ಲೂ ಹೆಚ್ಚಿನವರು ಕೇಳಿದ್ದು ತವರಿನವರನ್ನು, ಬಂಧುಗಳನ್ನು.

ಕಾಯ್ದೆ ಚೆನ್ನಾಗಿದೆ. ಫೋನ್ ನಂಬರುಗಳೂ ತಕ್ಕಮಟ್ಟಿಗೆ ಕೆಲಸ ಮಾಡುತ್ತವೆ. ಸೇವೆ ನಿಂತುಹೋಗುವುದು ಸಂರಕ್ಷಣಾಧಿಕಾರಿಯ ಮೇಜಿನ ಮೇಲೆ. ಮತ ಕೇಳಲು ಮನೆ ಬಾಗಿಲಿಗೆ ಬರುವವರನ್ನು ಕೇಳಬೇಕಾದದ್ದೂ ಆ ಮೇಜಿನ ಬಗ್ಗೆಯೇ.

ಮೊದಲು ಫೋನು. ಈಗಲೇ ಹೊಡೆಯುತ್ತಿದ್ದಾನೆ ಅಂದರೆ 112. ಪೊಲೀಸ್ ವಾಹನ ಬರುವುದು ಆ ಕರೆಗೆ. 181 ಮಹಿಳಾ ಸಹಾಯವಾಣಿ. ಸಲಹೆ, ಮಾಹಿತಿ ಕೊಡುತ್ತಾರೆ, ನೊಂದ ಮಹಿಳೆಯರ ನೆರವಿಗಿರುವ ಹತ್ತಿರದ ಸಖಿ ಕೇಂದ್ರಕ್ಕೆ ಜೋಡಿಸುತ್ತಾರೆ. ವಕೀಲರು ಬೇಕಿದ್ದರೆ 15100, ಇದು ಕಾನೂನು ಸೇವಾ ಪ್ರಾಧಿಕಾರದ್ದು. ತುರ್ತಿನಲ್ಲಿ 181ಕ್ಕೆ ಕರೆ ಮಾಡಿ ಆಪ್ತಸಮಾಲೋಚಕಿಯ ಜೊತೆ ಮಾತಾಡುತ್ತಾ ಕೂತರೆ ಸಮಯ ಹೋಗುತ್ತದೆ. 112ಕ್ಕೆ ಕರೆ ಮಾಡಿ ‘ನಮ್ಮ ಮನೇಲಿ ಜಗಳ’ ಎಂದರೆ ಅದಕ್ಕೆ ತೂಕ ಬರುವುದಿಲ್ಲ. ‘ಹೊಡೀತಿದ್ದಾರೆ, ರಕ್ತ ಬರ್ತಿದೆ, ಮಕ್ಕಳು ಒಳಗಿದ್ದಾರೆ’ ಎಂದು ಇದ್ದದ್ದನ್ನು ಇದ್ದ ಹಾಗೆ ಹೇಳಿ, ವಿಳಾಸದ ಜೊತೆ ಒಂದು ಗುರುತು ಕೊಡಿ, ದೇವಸ್ಥಾನವೋ ಹಾಲಿನ ಡೇರಿಯೋ. ಪಕ್ಕದ ಮನೆಯವರೂ ಕರೆ ಮಾಡಬಹುದು. ಸದುದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಯಾವ ಹೊಣೆಯೂ ಬರದಂತೆ ಕಾಯ್ದೆಯ ಸೆಕ್ಷನ್ 4 ಕಾಯುತ್ತದೆ. ಐದರಲ್ಲಿ ಮೂರೂವರೆ ಅಂಕ.

ಪೊಲೀಸ್ ಠಾಣೆಗೆ ಅಷ್ಟು ಕೊಡಲಾಗುವುದಿಲ್ಲ. ಸೆಕ್ಷನ್ 5ರ ಪ್ರಕಾರ ಠಾಣೆಗೆ ಬಂದ ಹೆಂಗಸಿಗೆ ಐದು ವಿಷಯ ತಿಳಿಸಲೇಬೇಕು. ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಿ ಪರಿಹಾರ ಕೇಳಬಹುದು, ಸೇವಾ ಸಂಸ್ಥೆಗಳಿವೆ, ಸಂರಕ್ಷಣಾಧಿಕಾರಿ ಇದ್ದಾರೆ, ಉಚಿತ ಕಾನೂನು ನೆರವಿದೆ, ಕ್ರೌರ್ಯದ ಕ್ರಿಮಿನಲ್ ದೂರನ್ನೂ ಕೊಡಬಹುದು. ಕೊನೆಯದು ಮೊದಲು ಐಪಿಸಿ 498ಎ ಇತ್ತು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85. ನಡೆಯುವುದು ಮಾತ್ರ ಇಬ್ಬರನ್ನೂ ಕೂರಿಸಿ ಪಂಚಾಯಿತಿ ಮಾಡುವುದು, ‘ಇನ್ನು ಮೇಲೆ ಹೊಡೆಯುವುದಿಲ್ಲ’ ಎಂದು ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸುವುದು. ಆ ಮುಚ್ಚಳಿಕೆ ಮುರಿದರೆ ಕಾಯ್ದೆಯ ಸೆಕ್ಷನ್ 31ರ ಶಿಕ್ಷೆ ತಾನಾಗಿ ಬರುವುದಿಲ್ಲ. ಅದು ಬರುವುದು ಕೋರ್ಟಿನ ಸಂರಕ್ಷಣಾ ಆದೇಶ ಮುರಿದಾಗ. ಹಾಗಾಗಿ ದೂರು ತೆಗೆದುಕೊಳ್ಳದಿದ್ದರೂ ಕೊಟ್ಟದ್ದಕ್ಕೆ ಸ್ವೀಕೃತಿ ಅಥವಾ ಹಿಂಬರಹ ಬರಹದಲ್ಲಿ ಕೇಳಿ ಪಡೆಯಬೇಕು. ‘ಮೊದಲು ವಿಚಾರಣೆ ಮಾಡ್ತೀವಿ’ ಎಂದರೆ ಅದಕ್ಕೂ ಮಿತಿಯಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಿಂದಿನ ಸಿಆರ್‌ಪಿಸಿ) 173(3)ರಲ್ಲಿ, ಡಿವೈಎಸ್‌ಪಿ ಅನುಮತಿ ಪಡೆದು, 14 ದಿನ. ತಿಂಗಳುಗಟ್ಟಲೆ ಪಿಟಿಷನ್ ಫೈಲಿನಲ್ಲಿ ಇಟ್ಟುಕೊಳ್ಳಲು ಬರುವುದಿಲ್ಲ.

ಆಸ್ಪತ್ರೆಯಲ್ಲಿ ಒಂದೇ ಎಚ್ಚರಿಕೆ. ‘ಮೆಟ್ಟಿಲಲ್ಲಿ ಜಾರಿ ಬಿದ್ದೆ’ ಎಂದರೆ ವೂಂಡ್ ಸರ್ಟಿಫಿಕೇಟಿನಲ್ಲಿ (ಗಾಯದ ಪ್ರಮಾಣಪತ್ರ) ಅದೇ ಬರುತ್ತದೆ, ಎರಡು ವರ್ಷದ ಮೇಲೆ ಎದುರು ವಕೀಲರು ಓದಿ ಹೇಳುವುದೂ ಅದನ್ನೇ. ಯಾರು, ಯಾವುದರಿಂದ, ಯಾವಾಗ ಹೊಡೆದರು ಎಂದು ವೈದ್ಯರಿಗೆ ಹೇಳಿ, ಎಂಎಲ್‌ಸಿ (ಮೆಡಿಕೋ-ಲೀಗಲ್ ಕೇಸ್, ಅಂದರೆ ಕಾನೂನು ಕ್ರಮಕ್ಕೆ ಬೇಕಾದ ವೈದ್ಯಕೀಯ ದಾಖಲೆ) ಮಾಡಿ ಎಂದು ಕೇಳಬೇಕು. ದೂರು ಕೊಟ್ಟಿಲ್ಲ ಎಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ. 2006ರ ನಿಯಮಗಳಲ್ಲಿ ಇದು ಸ್ಪಷ್ಟವಿದೆ. ಇನ್ನೊಂದು ವಿಷಯ ಬಹಳ ವೈದ್ಯರಿಗೂ ಗೊತ್ತಿಲ್ಲ: ನಡೆದ ಹಿಂಸೆಯನ್ನು ದಾಖಲಿಸುವ ಕೌಟುಂಬಿಕ ಘಟನಾ ವರದಿ ಆಗಿರದಿದ್ದರೆ ಆಸ್ಪತ್ರೆಯ ಮುಖ್ಯಸ್ಥರೇ ನಮೂನೆ 1 ತುಂಬಿ ಸಂರಕ್ಷಣಾಧಿಕಾರಿಗೆ ಕಳಿಸಬೇಕು, ಪರೀಕ್ಷಾ ವರದಿಯ ಪ್ರತಿಯನ್ನು ಆಕೆಗೆ ಪುಕ್ಕಟೆ ಕೊಡಬೇಕು.

ಸಖಿ ಒನ್ ಸ್ಟಾಪ್ ಸೆಂಟರ್ 2015ರಲ್ಲಿ ನಿರ್ಭಯಾ ನಿಧಿಯಿಂದ ಶುರುವಾದ ಕೇಂದ್ರ ಸರ್ಕಾರದ ಯೋಜನೆ. ಈಗ ಮಿಷನ್ ಶಕ್ತಿಯ ಅಡಿಯಲ್ಲಿದೆ. ಒಂದೇ ಸೂರಿನಡಿ ಚಿಕಿತ್ಸೆ, ಪೊಲೀಸ್ ನೆರವು, ಕಾನೂನು ಸಲಹೆ, ಸಮಾಲೋಚನೆ, ಗರಿಷ್ಠ ಐದು ದಿನದ ವಸತಿ. ಕಲ್ಪನೆ ಒಳ್ಳೆಯದು. ಸಿಬ್ಬಂದಿ ಒಳ್ಳೆಯವರಿದ್ದ ಕಡೆ ಕೆಲಸವೂ ಒಳ್ಳೆಯದೇ. ತೊಂದರೆ ದೂರದ್ದು, ಕೇಂದ್ರ ಇರುವುದು ಹೆಚ್ಚಾಗಿ ಜಿಲ್ಲಾ ಕೇಂದ್ರದಲ್ಲಿ. ಉಚಿತ ಬಸ್ಸಿನ ಶಕ್ತಿ ಯೋಜನೆಯಿಂದ ಟಿಕೆಟ್ ಖರ್ಚು ಉಳಿಯಿತು, ಆದರೆ ರಾತ್ರಿ ಹನ್ನೊಂದಕ್ಕೆ ಹಳ್ಳಿಯಿಂದ ಬಸ್ಸಿಲ್ಲ. 2000-01ರಿಂದ ಸ್ವಯಂಸೇವಾ ಸಂಸ್ಥೆಗಳ ಮೂಲಕ ನಡೆಯುತ್ತಿದ್ದ ಸಾಂತ್ವನ ಕೇಂದ್ರಗಳು ತಾಲೂಕಿನಲ್ಲೇ ಸಿಗುತ್ತಿದ್ದವು. ಸಖಿ ಇದೆಯಲ್ಲ ಎಂದು ಅವುಗಳಲ್ಲಿ ಕೆಲವನ್ನು ಮುಚ್ಚುವ ನಿರ್ಧಾರ 2021ರಲ್ಲಿ ಬಂತು. ಲೆಕ್ಕದಲ್ಲಿ ಅದು ಸರಿಯೆನಿಸಬಹುದು. ಕೈಯಲ್ಲಿ ಮಗು, ಬಗಲಲ್ಲಿ ಚೀಲ ಹಿಡಿದು ಹೊರಟವಳ ಲೆಕ್ಕ ಬೇರೆ. ಐದು ದಿನದ ಮೇಲೆ ಎಲ್ಲಿಗೆ ಎಂಬುದಕ್ಕೆ ಶಕ್ತಿ ಸದನಗಳಿವೆ (ಹಿಂದೆ ಸ್ವಾಧಾರ ಗೃಹ). ಅಲ್ಲಿ ಗಂಡುಮಕ್ಕಳ ವಯಸ್ಸಿಗೆ ಮಿತಿಯಿದೆ, ಹದಿನಾಲ್ಕರ ಮಗನನ್ನು ಬಿಟ್ಟು ಬರಲಾರದೆ ಎಷ್ಟೋ ತಾಯಂದಿರು ಹೊಡೆತದ ಮನೆಗೇ ಮರಳುತ್ತಾರೆ. ಹೊರಡುವ ಮುಂಚೆ 181ಕ್ಕೆ ಕರೆ ಮಾಡಿ ಮಕ್ಕಳ ವಯಸ್ಸು ಹೇಳಿ, ಜಾಗ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳುವುದು ಮೇಲು.

ಇನ್ನು ಆ ಮೇಜು.

ಸಂರಕ್ಷಣಾಧಿಕಾರಿಯ ಕೆಲಸ ಸೆಕ್ಷನ್ 9ರಲ್ಲಿದೆ. ಕೌಟುಂಬಿಕ ಘಟನಾ ವರದಿ, ಎಲ್ಲರ ಬಾಯಲ್ಲಿ ಡಿಐಆರ್, ತಯಾರಿಸಿ ಮ್ಯಾಜಿಸ್ಟ್ರೇಟರಿಗೆ ಕೊಡುವುದು. ಅದರ ಪ್ರತಿಯನ್ನು ಆ ವ್ಯಾಪ್ತಿಯ ಠಾಣೆಗೂ ಸೇವಾ ಸಂಸ್ಥೆಗಳಿಗೂ ಕಳಿಸುವುದು. ಬೇಕೆಂದರೆ ಆಕೆಯ ಪರವಾಗಿ ಕೋರ್ಟಿಗೆ ಅರ್ಜಿ ಹಾಕುವುದು. ವಕೀಲರು, ವಸತಿ, ವೈದ್ಯಕೀಯ ಪರೀಕ್ಷೆ ಒದಗಿಸುವುದು. ಕೋರ್ಟು ಹಣ ಕೊಡಲು ಆದೇಶಿಸಿದರೆ ಅದು ಜಾರಿಯಾಗುವಂತೆ ನೋಡಿಕೊಳ್ಳುವುದು. ಇದರ ಮೇಲೆ ಸೆಕ್ಷನ್ 13ರಂತೆ ಎದುರಾಳಿಗೆ ನೋಟಿಸು ಎರಡು ದಿನದೊಳಗೆ ತಲುಪಿಸುವುದು. ತುರ್ತು ಕರೆ ಬಂದರೆ ನಿಯಮ 9ರಂತೆ ಪೊಲೀಸರನ್ನು ಕರೆದುಕೊಂಡು ಸ್ಥಳಕ್ಕೇ ಹೋಗಿ ಡಿಐಆರ್ ದಾಖಲಿಸಬೇಕು.

ಇಷ್ಟನ್ನೂ ಮಾಡಬೇಕಾದ ಸಿಡಿಪಿಒ ಅದೇ ದಿನ ನೂರಾರು ಅಂಗನವಾಡಿಗಳ ಆಹಾರ, ಕಟ್ಟಡ, ಕಾರ್ಯಕರ್ತೆಯರ ಗೌರವಧನ, ಭಾಗ್ಯಲಕ್ಷ್ಮಿ ಫೈಲು, ಗೃಹಲಕ್ಷ್ಮಿ ದೂರು, ಮೇಲಧಿಕಾರಿಯ ವಿಡಿಯೊ ಕಾನ್ಫರೆನ್ಸ್ ಎಲ್ಲವನ್ನೂ ನೋಡಬೇಕು. ಹುದ್ದೆ ಖಾಲಿಯಿದ್ದರೆ ಪಕ್ಕದ ತಾಲೂಕಿನವರು ಪ್ರಭಾರ. ಅವರು ಕೆಟ್ಟವರೆಂದು ಹೇಳುತ್ತಿಲ್ಲ. ನೋಟಿಸು ಹಿಡಿದು ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಹೋಗುವ ಪ್ರಶ್ನೆಯೇ ಅವರ ದಿನಚರಿಯಲ್ಲಿ ಏಳುವುದಿಲ್ಲ, ಅಷ್ಟೆ. ಹೀಗಾಗಿ ನೋಟಿಸು ‘ವಿಳಾಸದಲ್ಲಿಲ್ಲ’ ಎಂದು ವಾಪಸಾಗುತ್ತದೆ, ಕೋರ್ಟು ಇನ್ನೊಂದು ದಿನಾಂಕ ಕೊಡುತ್ತದೆ. ನಮಗೆ ತಿಳಿದಂತೆ ಪ್ರಕರಣಗಳು ಮೊದಲು ಜಾರುವುದು ಇಲ್ಲೇ. ಇದಕ್ಕೆ ತಕ್ಕಮಟ್ಟಿನ ಮದ್ದು: ಗಂಡನ ಮನೆಯ ವಿಳಾಸದ ಜೊತೆಗೆ ಕೆಲಸದ ಸ್ಥಳದ ವಿಳಾಸ, ಮೊಬೈಲ್ ನಂಬರ್, ಅತ್ತೆ-ಮಾವ ಬೇರೆ ಕಡೆ ಇದ್ದರೆ ಅದನ್ನೂ ಅರ್ಜಿಯಲ್ಲೇ ಬರೆಯುವುದು.

ಡಿಐಆರ್ ತುಂಬಿಸುವಾಗ ಆಗುವ ತಪ್ಪುಗಳೂ ಒಂದೇ ಥರ. ನಮೂನೆಯಲ್ಲಿ ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ, ಆರ್ಥಿಕ ಎಂದು ಬೇರೆ ಬೇರೆ ಭಾಗಗಳಿವೆ, ಪ್ರತಿ ಘಟನೆಗೂ ದಿನಾಂಕ, ಸಮಯ, ಸ್ಥಳ, ಮಾಡಿದವರು ಯಾರು ಎಂದು ಬರೆಯಬೇಕು. ಆದರೆ ತುಂಬಿಸುವವರು ‘ಮದುವೆಯಾದಾಗಿನಿಂದ ಮಾನಸಿಕ ಮತ್ತು ದೈಹಿಕ ಕಿರುಕುಳ’ ಎಂದು ಒಂದು ಸಾಲು ಗೀಚಿ ಮುಗಿಸುತ್ತಾರೆ. ಆ ಸಾಲಿನಿಂದ ಮ್ಯಾಜಿಸ್ಟ್ರೇಟರಿಗೆ ಮಧ್ಯಂತರ ಆದೇಶ ಕೊಡುವಷ್ಟು ಸಿಗುವುದಿಲ್ಲ. ದಿನಾಂಕ ನೆನಪಿಲ್ಲದಿದ್ದರೆ ‘ಯುಗಾದಿಯ ಮಾರನೇ ದಿನ’, ‘ಮಗುವಿನ ನಾಮಕರಣದ ವಾರ’ ಎಂದರೂ ಸಾಕು, ಆದರೆ ಬಿಡಿಬಿಡಿಯಾಗಿ ಬರೆಸಬೇಕು. ಆರ್ಥಿಕ ಹಿಂಸೆಯ ಭಾಗ ಸಾಮಾನ್ಯವಾಗಿ ಖಾಲಿ ಉಳಿಯುತ್ತದೆ. ಸಂಬಳದ ಎಟಿಎಂ ಕಾರ್ಡು ಕಿತ್ತುಕೊಂಡದ್ದು, ಒಡವೆ ಅಡವಿಟ್ಟದ್ದು, ರೇಷನ್ ತರದೆ ಇದ್ದದ್ದು, ಸಂಘದ ಸಾಲ ಆಕೆಯ ಹೆಸರಲ್ಲಿ ತೆಗೆದು ಗಂಡ ಖರ್ಚು ಮಾಡಿದ್ದು, ಎಲ್ಲವೂ ಅಲ್ಲಿಗೇ ಸೇರುತ್ತದೆ. ಸ್ತ್ರೀಧನದ ಪಟ್ಟಿ ಬೇರೆ ಹಾಳೆಯಲ್ಲಿ, ಗ್ರಾಂ ಲೆಕ್ಕ ಹಾಕಿ ಲಗತ್ತಿಸಬೇಕು. ಮದುವೆಯ ಫೋಟೊದಲ್ಲಿ ಕಾಣುವ ಸರ, ಬಳೆ, ಅಂಗಡಿಯ ರಸೀದಿ ಇದ್ದರೆ ಇನ್ನೂ ಒಳ್ಳೆಯದು. ಕೊನೆಗೆ ಓದಿಸಿ ಕೇಳಿ, ಸಹಿ ಹಾಕಿ, ಒಂದು ಪ್ರತಿ ಕೇಳಿ ಪಡೆಯಬೇಕು. ಪ್ರತಿ ಪುಕ್ಕಟೆ. ಕಚೇರಿಯಲ್ಲಿ ‘ಆಮೇಲೆ ಬನ್ನಿ’ ಎಂದರೆ ಬಿಳಿ ಹಾಳೆಯಲ್ಲಿ ಬರೆದು ಟಪಾಲಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಳ್ಳಿ.

ನಮೂನೆ 5 ಎಂಬುದೊಂದಿದೆ, ಸುರಕ್ಷತಾ ಯೋಜನೆ. ಮುಂದೆ ಯಾವ ಹಿಂಸೆಯ ಭಯವಿದೆ, ಅದಕ್ಕೆ ಏನು ಕ್ರಮ ಬೇಕು ಎಂದು ಆಕೆಯ ಜೊತೆ ಕೂತು ಬರೆಯುವ ಹಾಳೆ. ಇಡೀ ಕಾಯ್ದೆಯಲ್ಲಿ ಇದರಷ್ಟು ಉಪಯುಕ್ತವಾದ ಕಾಗದ ಇನ್ನೊಂದಿಲ್ಲ, ಇದರಷ್ಟು ಖಾಲಿ ಉಳಿಯುವುದೂ ಇನ್ನೊಂದಿಲ್ಲ.

ಸಂರಕ್ಷಣಾಧಿಕಾರಿ ಸಿಗದಿದ್ದರೆ ಬೇರೆ ದಾರಿಯಿದೆ. ನೋಂದಾಯಿತ ಸೇವಾ ಸಂಸ್ಥೆಯೂ ಸೆಕ್ಷನ್ 10ರಡಿ ಡಿಐಆರ್ ದಾಖಲಿಸಬಹುದು. ಡಿಐಆರ್ ಇಲ್ಲದೆಯೂ ಆಕೆ ನೇರವಾಗಿ ಕೋರ್ಟಿಗೆ ಹೋಗಬಹುದು. 2022ರಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಹಾಗಾದರೆ ಅಧಿಕಾರಿ ಯಾಕೆ ಬೇಕು ಎಂದು ಕೇಳಬಹುದು. ವಕೀಲರ ಫೀಸು, ಓಡಾಟ, ನೋಟಿಸು, ಜಾರಿ, ಇವೆಲ್ಲ ಹೊಡೆತ ತಿಂದವಳ ತಲೆಗೇ ಬರಬಾರದೆಂದೇ ಆ ಹುದ್ದೆ ಇರುವುದು. ಸಂರಕ್ಷಣಾ ಆದೇಶದಲ್ಲಿ ಮ್ಯಾಜಿಸ್ಟ್ರೇಟರು ಹೇಳಿದ ಕೆಲಸವನ್ನು ಸರಿಯಾದ ಕಾರಣವಿಲ್ಲದೆ ಮಾಡದ ಸಂರಕ್ಷಣಾಧಿಕಾರಿಗೆ ಸೆಕ್ಷನ್ 33ರಲ್ಲಿ ಒಂದು ವರ್ಷದವರೆಗೆ ಜೈಲು ಅಥವಾ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಓದಲು ಜೋರಾಗಿದೆ, ಆದರೆ ಮುಂದಿನ ಸೆಕ್ಷನ್ನಿನಲ್ಲೇ ಸರ್ಕಾರದ ಪೂರ್ವಾನುಮತಿ ಬೇಕು ಎಂದಿದೆ.

2025ರ ಮೇ 20ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಜಿಲ್ಲೆ ಮತ್ತು ತಾಲೂಕು ಮಟ್ಟದಲ್ಲಿ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ, ಆರು ವಾರದಲ್ಲಿ ಸಂರಕ್ಷಣಾಧಿಕಾರಿಗಳೆಂದು ನೇಮಿಸಲು ನಿರ್ದೇಶಿಸಿತು. ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ಕ್ಕೆ. ಹತ್ತೊಂಬತ್ತು ವರ್ಷದ ಹತ್ತಿರ ಬಂದ ಮೇಲೂ ಹೀಗೆ ನಿರ್ದೇಶಿಸಬೇಕಾಯಿತು. ನಮ್ಮಲ್ಲಿ ಹೆಸರಿಗೆ ಅಧಿಕಾರಿ ಇದ್ದಾರೆ, ಕಾಗದದಲ್ಲಿ ಆ ನಿರ್ದೇಶನ ಪಾಲನೆಯಾದಂತೆಯೇ. ಪೂರ್ಣಾವಧಿಯವರು ಬೇಕು ಎಂಬುದು ಇನ್ನೂ ಬೇಡಿಕೆಯಾಗಿಯೇ ಉಳಿದಿದೆ. ಪಕ್ಕದ ಕೇರಳದಲ್ಲಿ ಜಿಲ್ಲೆಗೊಬ್ಬ ಮಹಿಳಾ ಸಂರಕ್ಷಣಾಧಿಕಾರಿ ಇದ್ದಾರೆ. ಜಿಲ್ಲೆಗೊಬ್ಬರು ಎಂದರೆ ದೂರ ಹೆಚ್ಚು, ಆದರೆ ಅವರ ಮುಖ್ಯ ಕೆಲಸ ಅದೇ. ನಮ್ಮ ತಾಲೂಕು ವ್ಯವಸ್ಥೆ ಹತ್ತಿರದಲ್ಲಿದೆ, ಪುರುಸೊತ್ತಿಲ್ಲ. ಎರಡರಲ್ಲಿ ಒಂದನ್ನು ಆರಿಸಿ ಎಂದರೆ, ತಾಲೂಕಿನಲ್ಲೇ ಇರಲಿ, ಕೈಕೆಳಗೆ ಒಬ್ಬ ಕಾನೂನು ಸಹಾಯಕಿ ಮತ್ತು ನೋಟಿಸು ಜಾರಿಗೆ ಒಬ್ಬರು ಇರಲಿ ಎಂಬುದು ನಮ್ಮ ಅಭಿಪ್ರಾಯ. ಮೇಜಿಗೆ ಐದರಲ್ಲಿ ಒಂದೂವರೆ. ಅದರಲ್ಲಿ ಒಂದು, ಎಷ್ಟೆಲ್ಲ ಕೆಲಸದ ನಡುವೆಯೂ ರಾತ್ರಿ ಫೋನ್ ಎತ್ತುವ ಕೆಲವು ಸಿಡಿಪಿಒಗಳಿಗೆ.

ಕೋರ್ಟಿನ ವಿಷಯ. ಸೆಕ್ಷನ್ 12ರ ಅರ್ಜಿಗೆ ಮೊದಲ ವಿಚಾರಣೆ ಸಾಮಾನ್ಯವಾಗಿ ಮೂರು ದಿನದೊಳಗೆ, ಇತ್ಯರ್ಥ 60 ದಿನದೊಳಗೆ ಆಗುವಂತೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳುತ್ತದೆ. ಪ್ರಯತ್ನಿಸಬೇಕು ಎಂದಷ್ಟೇ ಇರುವುದರಿಂದ ತಿಂಗಳುಗಳು ವರ್ಷಗಳಾಗುತ್ತವೆ. ಆದ್ದರಿಂದ ಅರ್ಜಿಯ ಜೊತೆಗೇ ನಮೂನೆ 3ರ ಪ್ರಮಾಣಪತ್ರ ಸೇರಿಸಿ ಸೆಕ್ಷನ್ 23ರಡಿ ಮಧ್ಯಂತರ ಆದೇಶ ಕೇಳುವುದನ್ನು ಮರೆಯಬಾರದು. ತುರ್ತಿದ್ದರೆ ಎದುರಿನವರು ಬರುವ ಮುಂಚೆಯೂ ಕೋರ್ಟು ಏಕಪಕ್ಷೀಯ ಆದೇಶ ಕೊಡಬಹುದು. ಜೀವನಾಂಶ ಕೇಳುವುದಾದರೆ ಆಸ್ತಿ, ಆದಾಯ, ಸಾಲದ ಪ್ರಮಾಣಪತ್ರ ಕಡ್ಡಾಯ. 2020ರ ರಜನೀಶ್-ನೇಹಾ ತೀರ್ಪಿನ ನಂತರ ಎರಡೂ ಕಡೆಯವರು ಕೊಡಬೇಕು. ಆಕೆಯ ವಕೀಲರೇ ಇದನ್ನು ಕೊಡದೆ ಎರಡು-ಮೂರು ದಿನಾಂಕ ಕಳೆಯುವುದು ನಡೆದೇ ಇದೆ. ಅದೇ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದ ಲೆಕ್ಕ, ಅರ್ಜಿ ತಡವಾದಷ್ಟೂ ನಷ್ಟ. ತವರಿಗೆ ಬಂದಿದ್ದರೆ ತವರಿನ ವ್ಯಾಪ್ತಿಯ ಕೋರ್ಟಿನಲ್ಲೇ ಅರ್ಜಿ ಹಾಕಬಹುದು, ತಾತ್ಕಾಲಿಕ ವಾಸವೂ ಸಾಕು. ‘ಒಂದು ವರ್ಷ ಆಗೋಯ್ತಲ್ಲ, ಈಗ ಬರಲ್ಲ’ ಎಂದು ಹೇಳುವವರಿದ್ದಾರೆ. ಸೆಕ್ಷನ್ 12ರ ಅರ್ಜಿಗೆ ಆ ಒಂದು ವರ್ಷದ ಮಿತಿ ಇಲ್ಲ ಎಂದು 2022ರ ಕಾಮಾಚಿ ಪ್ರಕರಣದಲ್ಲಿ ತೀರ್ಮಾನವಾಗಿದೆ.

‘ಮನೆ ನನ್ನ ಹೆಸರಲ್ಲಿಲ್ಲ, ಅಪ್ಪನ ಹೆಸರಲ್ಲಿದೆ’ ಎಂಬುದು ಗಂಡಂದಿರ ಹಳೆಯ ಮಾತು. 2020ರ ಸತೀಶ್ ಚಂದರ್ ಅಹುಜಾ ತೀರ್ಪು ಅದರ ಬಲ ತೆಗೆದಿದೆ. ಅತ್ತೆ-ಮಾವನ ಹೆಸರಲ್ಲಿದ್ದರೂ ಆಕೆ ಸಂಸಾರ ಮಾಡಿದ ಮನೆ ಕಾಯ್ದೆ ಹೇಳುವ ‘ಹಂಚಿಕೊಂಡ ಮನೆ’, ಅಂದರೆ ಆಕೆಗೆ ವಾಸದ ಹಕ್ಕಿರುವ ಮನೆ, ಆಗಬಹುದು. ಕೋರ್ಟು ಬಾಡಿಗೆ ಮನೆ ಮಾಡಿಕೊಡಲು ಹೇಳಬಹುದು, ಸಂಬಳದಿಂದಲೇ ಹಣ ಕಡಿದು ಕೊಡಲು ಗಂಡನ ಮಾಲೀಕರಿಗೆ ಆದೇಶಿಸಬಹುದು. ಸರ್ಕಾರಿ ನೌಕರನಾದರೆ ಇದು ಚೆನ್ನಾಗಿ ನಡೆಯುತ್ತದೆ, ಗಾರೆ ಕೆಲಸದವನಾದರೆ ಬಾಕಿ ವಸೂಲಿಗೆ ಮತ್ತೆ ಬೇರೆ ಅರ್ಜಿ ಹಾಕಿ ಅಲೆಯಬೇಕು. ಸಂರಕ್ಷಣಾ ಆದೇಶ ಮುರಿದರೆ ಮಾತ್ರ ಪೊಲೀಸರು ಸುಮ್ಮನಿರುವಂತಿಲ್ಲ. ಅದು ವಾರಂಟಿಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ. ಆದೇಶದ ಪ್ರತಿ ಪುಕ್ಕಟೆ ಸಿಗುತ್ತದೆ, ಒಂದು ಪ್ರತಿ ಠಾಣೆಗೆ ತಲುಪಿದೆಯೇ ಎಂದು ಆಕೆಯೇ ಹೋಗಿ ನೋಡಿಕೊಳ್ಳುವುದು ಕ್ಷೇಮ.

ರಾಜಿ ಮಾಡಿಸುವವರಿಗೆ ಒಂದು ಮಾತು. ಸಮಾಲೋಚನೆಗೆ ಕಳಿಸುವ ಅಧಿಕಾರವನ್ನು ಕಾಯ್ದೆ ಕೊಟ್ಟಿರುವುದು ಮ್ಯಾಜಿಸ್ಟ್ರೇಟರಿಗೆ. ಹಾಗೆ ಕಳಿಸಿದಾಗಲೂ ‘ಅವಳು ಹಾಗಂದಳು, ಅದಕ್ಕೇ ಹೊಡೆದೆ’ ಎಂಬ ಸಮರ್ಥನೆಗೆ ಅಲ್ಲಿ ಜಾಗವಿಲ್ಲ ಎಂದು ನಿಯಮ 14 ಹೇಳುತ್ತದೆ, ಅದನ್ನು ಗಂಡನಿಗೆ ಮೊದಲೇ ತಿಳಿಸಬೇಕು ಎಂದೂ ಹೇಳುತ್ತದೆ. ಊರ ಪಂಚಾಯಿತಿಗಳಲ್ಲಿ ಮೊದಲ ಅರ್ಧ ಗಂಟೆ ಅದೇ ಸಮರ್ಥನೆಗೆ ಹೋಗುತ್ತದೆ.

ಈಗ ಅಭ್ಯರ್ಥಿಗಳು. ಪ್ರಚಾರಕ್ಕೆ ಬಂದಾಗ ‘ಮಹಿಳೆಯರ ಸುರಕ್ಷತೆಗೆ ಏನು ಮಾಡ್ತೀರಿ?’ ಎಂದು ಕೇಳಿದರೆ ಸಿಸಿಟಿವಿ, ಬೀದಿದೀಪ ಎನ್ನುತ್ತಾರೆ. ಮನೆಯೊಳಗಿನ ಹೊಡೆತಕ್ಕೆ ಬೀದಿದೀಪ ಏನು ಮಾಡೀತು? ಕೇಳಬೇಕಾದ ಪ್ರಶ್ನೆ ಇಷ್ಟು ಚಿಕ್ಕದಿರಲಿ: ‘ಸರ್, ನಮ್ಮ ತಾಲೂಕಿನಲ್ಲಿ ಕಳೆದ ವರ್ಷ ಎಷ್ಟು ಡಿಐಆರ್ ಆಗಿದೆ? ಅದರಲ್ಲಿ ಕೋರ್ಟಿಗೆ ಹೋದದ್ದು ಎಷ್ಟು?’ ಗೊತ್ತಿಲ್ಲ ಎಂದರೆ ತೊಂದರೆಯಿಲ್ಲ, ತಿಳಿದುಕೊಂಡು ಬರಲಿ. ‘ನಮ್ಮೂರಲ್ಲಿ ಅಂಥದ್ದೆಲ್ಲ ಇಲ್ಲಮ್ಮ’ ಎಂದರೆ ಶೇ 44.4 ಎಂಬ ಅಂಕಿಯನ್ನು ನೆನಪಿಸಿ. ‘ಕುಡಿತವೇ ಕಾರಣ, ಹೆಂಡ ನಿಲ್ಲಿಸ್ತೀವಿ’ ಎಂಬ ಉತ್ತರಕ್ಕೂ ತಯಾರಿರಿ. ಕುಡಿಯುವ ಗಂಡಂದಿರ ಮನೆಯಲ್ಲಿ ಹಿಂಸೆ ಹೆಚ್ಚು ಎಂಬುದು ಸಮೀಕ್ಷೆಯಲ್ಲೂ ಇದೆ, ನಿಜ. ಆದರೆ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾದದ್ದು 2007ರಲ್ಲಿ, ಆ 44.4 ಬಂದದ್ದು ಅದರ ಹನ್ನೆರಡು ವರ್ಷದ ನಂತರ. ‘ನನಗೊಂದು ಫೋನ್ ಮಾಡಿ, ನಾನೇ ಬಂದು ಪಂಚಾಯಿತಿ ಮಾಡ್ತೀನಿ’ ಎನ್ನುವವರು ಎಲ್ಲಕ್ಕಿಂತ ಅಪಾಯ. ಅವರು ಕಾನೂನಿನ ಸೇವೆಯನ್ನು ತಮ್ಮ ಕೃಪೆಯಾಗಿ ಮಾರ್ಪಡಿಸುತ್ತಿದ್ದಾರೆ, ಗಂಡನೂ ಅವರ ಮತದಾರನೇ ಎಂಬುದನ್ನು ಮರೆಯಬಾರದು.

ಯಾರನ್ನು ಏನು ಕೇಳಬೇಕು ಎಂಬುದರಲ್ಲೂ ಗೊಂದಲವಿದೆ. ಸಖಿ ಕೇಂದ್ರ, ಶಕ್ತಿ ಸದನದ ನಿಯಮಗಳು ಕೇಂದ್ರ ಸರ್ಕಾರದವು. ತಾಲೂಕಿಗೂ ಸಖಿ ಕೇಂದ್ರ ಬೇಕು, ಮಗನ ವಯಸ್ಸಿನ ಮಿತಿ ಸಡಿಲಿಸಬೇಕು ಎಂದು ಕೇಳಬೇಕಾದದ್ದು ಲೋಕಸಭೆಗೆ ನಿಂತವರನ್ನು. ಸಂರಕ್ಷಣಾಧಿಕಾರಿಯ ನೇಮಕ ಸೆಕ್ಷನ್ 8ರಂತೆ ರಾಜ್ಯದ ಹೊಣೆ, ಅದು ವಿಧಾನಸಭೆಯ ಅಭ್ಯರ್ಥಿಗೆ ಕೇಳುವ ಪ್ರಶ್ನೆ. ‘ಶಾಸಕರ ನಿಧಿಯಿಂದ ಮಾಡಿಸ್ತೀನಿ’ ಎಂದರೆ ನಂಬಬೇಡಿ, ಆ ನಿಧಿ ಕಟ್ಟಡ, ಆಸ್ತಿ ನಿರ್ಮಾಣಕ್ಕೆ, ನೌಕರರ ಸಂಬಳಕ್ಕಲ್ಲ. ಶಾಸಕರ ಕೈಯಲ್ಲಿರುವುದು ಬೇರೆ ಆಯುಧ: ತಾಲೂಕು ಕೆಡಿಪಿ ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನಾ ಸಭೆ. ಅಧ್ಯಕ್ಷತೆ ಅವರದೇ, ಇಲಾಖಾವಾರು ಪ್ರಗತಿ ಅಲ್ಲಿ ಓದಿ ಹೇಳಬೇಕು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಸರದಿ ಬಂದಾಗ ಅಂಗನವಾಡಿ ಕಟ್ಟಡ ಎಷ್ಟಾಯಿತು ಎಂದು ಕೇಳಿ ಮುಂದೆ ಹೋಗುತ್ತಾರೆ. ಅದರ ಜೊತೆ ಡಿಐಆರ್ ಎಷ್ಟು, ಜಾರಿಯಾದ ನೋಟಿಸು ಎಷ್ಟು, ಬಾಕಿ ಜೀವನಾಂಶದ ಆದೇಶ ಎಷ್ಟು ಎಂದು ಪ್ರತಿ ಸಭೆಯಲ್ಲೂ ಕೇಳಿ ನಡಾವಳಿಯಲ್ಲಿ ಬರೆಸುತ್ತೇನೆ ಎಂಬ ಒಂದು ಮಾತನ್ನು ಬರಹದಲ್ಲಿ ಕೊಡಲಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಗ್ರಾಮ ಪಂಚಾಯಿತಿಗೆ ನಿಂತವರಿಂದ ಇನ್ನೂ ಸಣ್ಣದು ಸಾಕು: ಸಂರಕ್ಷಣಾಧಿಕಾರಿಯ ಹೆಸರು, ಫೋನು, 181, 112 ಅಂಗನವಾಡಿ ಗೋಡೆಯ ಮೇಲೆ ಬಣ್ಣದಲ್ಲಿ ಬರೆಸುವುದು, ಮಹಿಳಾ ಗ್ರಾಮಸಭೆಗೆ ಸಿಡಿಪಿಒ ಅವರನ್ನು ಕರೆಸುವುದು.

ಅಂಕಿ ಕೈಯಲ್ಲಿದ್ದರೆ ಪ್ರಶ್ನೆಗೆ ತೂಕ. ಸಿಡಿಪಿಒ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ, ಶುಲ್ಕ ಹತ್ತು ರೂಪಾಯಿ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಇಲ್ಲದಿದ್ದರೆ ಅದೇ ನೆಪದಲ್ಲಿ ತಿರಸ್ಕರಿಸುತ್ತಾರೆ. ಕಳೆದ ಮೂರು ಆರ್ಥಿಕ ವರ್ಷಗಳಲ್ಲಿ ವರ್ಷವಾರು ದಾಖಲಾದ ಡಿಐಆರ್, ಮ್ಯಾಜಿಸ್ಟ್ರೇಟರಿಗೆ ಸಲ್ಲಿಸಿದ್ದು, ಜಾರಿಯಾದ ನೋಟಿಸು, ಈ ಕೆಲಸಕ್ಕೆಂದು ಬಂದ ಅನುದಾನ, ಇಷ್ಟು ಕೇಳಿದರೆ ಸಾಕು. ಉತ್ತರಕ್ಕೆ 30 ದಿನ. ಚುನಾವಣೆ ಘೋಷಣೆಯಾದ ಮೇಲೆ ಹಾಕಿದರೆ ಪ್ರಚಾರ ಮುಗಿಯುವುದರೊಳಗೆ ಉತ್ತರ ಬರುವುದಿಲ್ಲ, ಆದ್ದರಿಂದ ಎರಡು ತಿಂಗಳು ಮುಂಚೆಯೇ ಹಾಕಬೇಕು. ಹೆಸರು, ವಿಳಾಸ ಕೇಳಬೇಡಿ, ಸಂಖ್ಯೆಗಳನ್ನಷ್ಟೇ ಕೇಳಿ. ನೊಂದವರ ಗುರುತು ಹೊರಬರಬಾರದು.

ಅಭ್ಯರ್ಥಿಯ ಸ್ವಂತ ಮನೆಯ ವಿಷಯವನ್ನೂ ನೋಡಬಹುದು. ನಾಮಪತ್ರದ ಜೊತೆಗಿನ ನಮೂನೆ 26ರ ಪ್ರಮಾಣಪತ್ರದಲ್ಲಿ ಬಾಕಿಯಿರುವ ಕ್ರಿಮಿನಲ್ ಪ್ರಕರಣಗಳು ಸೆಕ್ಷನ್ ಸಮೇತ ಇರುತ್ತವೆ; ಚುನಾವಣಾ ಆಯೋಗದ ಆ್ಯಪಿನಲ್ಲೂ ಸಿಗುತ್ತದೆ. 498ಎ ಅಥವಾ ನ್ಯಾಯ ಸಂಹಿತೆಯ 85 ಎಂದಿದೆಯೇ ನೋಡಿ. ಆರೋಪ ಇದ್ದಮಾತ್ರಕ್ಕೆ ತಪ್ಪಿತಸ್ಥರಲ್ಲ, ಆದರೆ ಪ್ರಶ್ನೆ ಕೇಳುವ ಹಕ್ಕು ಮತದಾರರಿಗಿದೆ. ಸೆಕ್ಷನ್ 12ರ ಅರ್ಜಿಗಳು ಅಪರಾಧ ಪ್ರಕರಣಗಳಲ್ಲದ ಕಾರಣ ಸಾಮಾನ್ಯವಾಗಿ ಅಲ್ಲಿ ಕಾಣುವುದಿಲ್ಲ, ಹಾಗಾಗಿ ಖಾಲಿ ಜಾಗ ನೋಡಿ ಸರ್ಟಿಫಿಕೇಟ್ ಕೊಡಲೂ ಬೇಡಿ. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 8(1)ರ ಪಟ್ಟಿಯಲ್ಲಿ ಐಪಿಸಿ 498ಎ ಇದೆ. ಶಿಕ್ಷೆಯಾಗಿ ದಂಡ ಮಾತ್ರ ಬಿದ್ದರೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ, ಜೈಲಾದರೆ ಬಿಡುಗಡೆಯ ನಂತರವೂ ಆರು ವರ್ಷ. ಹೆಂಡತಿಯ ಮೇಲಿನ ಕ್ರೌರ್ಯ ‘ಮನೆಯ ವಿಷಯ’ ಎನ್ನುವ ಅಭ್ಯರ್ಥಿಗೆ ಅವರು ಸ್ಪರ್ಧಿಸುತ್ತಿರುವ ಕಾನೂನಿನಲ್ಲೇ ಇರುವ ಈ ಸಾಲನ್ನು ತೋರಿಸಬಹುದು.